ತೋಪು ಕಡಿದ ವರ್ಷ

ಹೋದ ಬೇಸಿಗೆಯಲ್ಲಿ ಬೀರುವಿಗೆ ಬಾಗಿಲು ಮಾಡಿಸಲೆಂದು ಅಂತರಸನಹಳ್ಳಿಯ ಬಡಗಿ ಶೆಡ್ಡೊಂದಕ್ಕೆ ಹೋಗಿದ್ದೆ. ಈಗ ಎಲ್ಲಿ ನೋಡಿದರೂ ಪ್ಲೈವುಡ್ಡೇ. ಅಂಟಿನ ವಾಸನೆ ಬರುತ್ತದೆಯೇ ಹೊರತು ಮರದ ವಾಸನೆ ಬರುವುದಿಲ್ಲ. ಆದರೆ ಆ ಶೆಡ್ಡಿನ ಹಿಂದೆ ಯಾರೋ ಹಸಿ ನೇರಳೆಯ ದಿಮ್ಮಿ ಸೀಳುತ್ತಿದ್ದರು. ಒದ್ದೆ ಹೊಟ್ಟಿನ ಆ ಒಗರು ವಾಸನೆ ಮೂಗಿಗೆ ತಾಕಿದ್ದೇ ತಡ, ಹೇಳುತ್ತಿದ್ದ ಅಳತೆ ಮರೆತು ನಿಂತುಬಿಟ್ಟೆ. "ಏನಾಯ್ತು ಮೇಡಮ್, ಕೂತ್ಕೊಳ್ತೀರಾ?" ಎಂದು ಅಂಗಡಿಯವನು ಸ್ಟೂಲು ಎಳೆದ. ಕೂತೆ. ಎಂಬತ್ತರ ದಶಕದ ಮೊದಲ ಭಾಗದಲ್ಲಿ, ನಾನು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಗಿನ ಬೇಸಿಗೆಯೊಂದರಲ್ಲಿ, ನಮ್ಮ ಮನೆಯ ಅಂಗಳದಲ್ಲಿ ವಾರಗಟ್ಟಲೆ ಇದೇ ವಾಸನೆ ತುಂಬಿಕೊಂಡಿತ್ತು. ಆ ವರ್ಷದ ಬಗ್ಗೆ ನಾನು ಮಕ್ಕಳಿಗೂ ಹೆಚ್ಚು ಹೇಳಿಲ್ಲ.

ನಮ್ಮದು ಮರದ ವ್ಯಾಪಾರದ ಮನೆ. ತುಮಕೂರಿನ ಪೇಟೆಯ ಹಿಂಭಾಗದಲ್ಲಿ ಅಬ್ಬಾ ಅವರ ಸಾ ಮಿಲ್ಲು, ಅದರ ಗೋಡೆಗೇ ಅಂಟಿಕೊಂಡು ನಮ್ಮ ಮನೆ. ಗರಗಸದ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ ಅದು ನಿಂತಾಗಲೇ ಏನೋ ಆಯಿತೆಂದು ತಲೆ ಎತ್ತುತ್ತಿದ್ದೆವು. ಅಮ್ಮಿ ಅಡುಗೆ ಮಾಡುತ್ತಿದ್ದದ್ದು ಹೊಟ್ಟಿನ ಒಲೆಯಲ್ಲಿ. ನನ್ನ ಕಾಲೇಜಿನ ಫೀಜು, ಪುಸ್ತಕ, ಬಟ್ಟೆ ಎಲ್ಲವೂ ಮರದಿಂದಲೇ ಬಂದದ್ದು. ಹುಡುಗಿಯನ್ನು ಇಷ್ಟು ಓದಿಸುವುದು ಯಾಕೆ ಎಂದು ನೆಂಟರು ಅನ್ನುತ್ತಿದ್ದರು. ಅಬ್ಬಾ ಕೇಳಿಸದವರ ಹಾಗೆ ಇರುತ್ತಿದ್ದರು.

ಕಾಲೇಜು ಊರಿನ ಅಂಚಿನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಕಲ್ಲಿನ ಕಟ್ಟಡಗಳು ಎರಡೋ ಮೂರೋ, ಅವುಗಳ ಹಿಂದೆ ಕಾಲೇಜಿಗಿಂತ ಎಷ್ಟೋ ಹಳೆಯದಾದ ಒಂದು ತೋಪು. ಹಿಪ್ಪೆ, ನೇರಳೆ, ಹುಣಸೆ, ಹೊಂಗೆ. ಯಾರು ನೆಟ್ಟರೋ ಯಾರಿಗೂ ಗೊತ್ತಿರಲಿಲ್ಲ. ನಡುವಿನ ದೊಡ್ಡ ಹಿಪ್ಪೆಯ ಮರದಲ್ಲಿ ಬಾವಲಿಗಳು ಹಗಲೆಲ್ಲ ಕಪ್ಪು ಗೊಂಚಲುಗಳಂತೆ ತೂಗುತ್ತಿದ್ದವು. ಗುಬ್ಬಿ, ಬೆಳ್ಳಾವಿ ಕಡೆಯಿಂದ ಬರುವ ಹುಡುಗರು ಊಟದ ಹೊತ್ತಿಗೆ ಹೊಂಗೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ನಾವು ಹುಡುಗಿಯರು, ಬೆರಳೆಣಿಕೆಯಷ್ಟು ಮಂದಿ, ನೇರಳೆಯ ಕೆಳಗೆ.

ಆ ಕಾಲೇಜಿನಲ್ಲಿ ಹುಡುಗಿಯರಿಗೆ ಶೌಚಾಲಯ ಇರಲಿಲ್ಲ. ಇದನ್ನು ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಆಗ ಯಾರೂ ಮಾತಾಡುತ್ತಿರಲಿಲ್ಲ. ಮೇಷ್ಟ್ರುಗಳ ಕಟ್ಟಡದಲ್ಲಿ ಒಂದಿತ್ತು, ಅದಕ್ಕೆ ಬೀಗ. ನಮಗೆ ತೀರಾ ಅವಸರವಾದರೆ ತೋಪಿನ ಆ ತುದಿಯ ಲಂಟಾನ ಪೊದೆಯ ಮರೆಯೇ ಗತಿ. ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು.

ನನ್ನ ಜೊತೆಗಾತಿ ನಾಗರತ್ನ ಗುಬ್ಬಿಯ ಹತ್ತಿರದ ಒಂದು ಹಳ್ಳಿಯವಳು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ ಇದ್ದ ಮನೆ. ಕತ್ತಲಲ್ಲೇ ಎದ್ದು, ಗುಬ್ಬಿಗೆ ನಡೆದು, ಪ್ಯಾಸೆಂಜರ್ ರೈಲು ಹಿಡಿದು ಬರುತ್ತಿದ್ದಳು. ಹುಚ್ಚೆಳ್ಳಿನ ಚಟ್ನಿ ಹಚ್ಚಿದ ರಾಗಿ ರೊಟ್ಟಿ ತರುತ್ತಿದ್ದಳು. ಅದರಲ್ಲಿ ಅರ್ಧ ನನಗೆ. ಅವಳ ಅಕ್ಷರ ಮುದ್ದಾಗಿತ್ತು. ನಕ್ಕರೆ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು. ಎರಡನೆಯ ವರ್ಷದಲ್ಲಿ ಒಂದು ದಿನ ಅವಳು ಪೊದೆಯ ಮರೆಗೆ ಹೋಗಿದ್ದಾಗ ಯಾರೋ ಹುಡುಗರು ಕಾಂಪೌಂಡಿನ ಆಚೆಯಿಂದ ಶಿಳ್ಳೆ ಹಾಕಿ ಕಲ್ಲು ಎಸೆದರು. ಕಾವಲಿದ್ದವಳು ನಾನು. ಓಡಿಹೋಗಿ ನೋಡುವಷ್ಟರಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅವಳು ಆ ಕಡೆ ಕಾಲಿಡಲಿಲ್ಲ. ಮನೆ ಬಿಟ್ಟ ಮೇಲೆ ಮನೆ ಸೇರುವ ತನಕ ನೀರು ಕುಡಿಯುವುದನ್ನೇ ಬಿಟ್ಟಳು. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡರೂ ಒಂದು ಗುಟುಕಿಗಿಂತ ಹೆಚ್ಚು ಕುಡಿಯುತ್ತಿರಲಿಲ್ಲ. ನಮ್ಮ ಮನೆಗೆ ಕರೆದುಕೊಂಡು ಹೋದೆ, ಕೆಲವು ಸಲ ಬಂದಳು. ಆಮೇಲೆ ಬೇಡ ಅಂದಳು. "ದಿನಾ ಅದಕ್ಕೇ ಅಂತ ನಿಮ್ಮನೆಗೆ ಬರಕ್ಕಾಯ್ತದೇನೇ? ನಿಮ್ ತಾಯಿ ಏನಂದ್ಕೋತಾರೆ?"

ರಂಗಸ್ವಾಮಿ ಮೇಷ್ಟ್ರು ಬಂದದ್ದು ಕೊನೆಯ ವರ್ಷದ ಜುಲೈನಲ್ಲಿ. ಕುಣಿಗಲ್ಲಿನ ಕಡೆಯವರು, ತೆಳ್ಳಗೆ, ಚಿಕ್ಕ ವಯಸ್ಸು. ಸಸ್ಯಶಾಸ್ತ್ರಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಕ್ಲಾಸಿಗೆ ಬಂದ ಮೊದಲ ದಿನವೇ, "ಪುಸ್ತಕ ಮುಚ್ರಿ, ಆಚೆ ಹೋಗೋಣ" ಎಂದು ನಮ್ಮನ್ನೆಲ್ಲ ತೋಪಿಗೆ ಎಬ್ಬಿಸಿಕೊಂಡು ಹೋದರು. ಎರಡು ವರ್ಷದಿಂದ ಅದರ ನೆರಳಿನಲ್ಲಿ ಉಂಡಿದ್ದ ನಮಗೆ ಅರ್ಧ ಮರಗಳ ಹೆಸರು ಗೊತ್ತಿರಲಿಲ್ಲ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದರ ತೊಗಟೆ ಮುಟ್ಟಿಸಿದರು, ಎಲೆ ಹಿಸುಕಿ ಮೂಸಿಸಿದರು.

'ಪರಿಸರ' ಎಂಬ ಮಾತು ಆಗ ಹೊಸದು. ಪೇಪರಿನಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಮೇಷ್ಟ್ರು ನಮ್ಮನ್ನು ಸೇರಿಸಿ ಪರಿಸರ ಸಂಘ ಎಂದು ಮಾಡಿದಾಗ ಬೇರೆ ಹುಡುಗರು ಅದನ್ನು ಸೊಪ್ಪಿನ ಸಂಘ ಎಂದು ಆಡಿಕೊಂಡರು. ಮಿಲ್ಲಿನಲ್ಲಿ ಬಿದ್ದಿದ್ದ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ ತಗಡು ಮಾಡಿಕೊಂಡು ಹೋದೆ. ನಾಗರತ್ನ ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಮರಗಳ ಹೆಸರು ಬರೆದಳು. ಮೊಳೆ ಹೊಡೆಯಬಾರದೆಂದು ಮೇಷ್ಟ್ರು ಹೇಳಿದ್ದರಿಂದ ದಾರದಲ್ಲಿ ಕಟ್ಟಿದೆವು. ಆ ವರ್ಷ ಮುಂಗಾರು ಸರಿಯಾಗಿ ಬರಲಿಲ್ಲ. ಹಿಂಗಾರೂ ಎರಡು ಸಲ ಗುಡುಗಿ ಸುಮ್ಮನಾಯಿತು. ಊರಿನ ಬಾವಿಗಳು ತಳ ಕಂಡವು. ಆದರೂ ತೋಪಿನೊಳಗೆ ಕಾಲಿಟ್ಟರೆ ಬೇರೆಯದೇ ತಂಪು. ಕೆಮಿಸ್ಟ್ರಿಯ ಮೇಷ್ಟ್ರು ಕೂಡ ಕುರ್ಚಿ ಹಾಕಿಸಿಕೊಂಡು ಅಲ್ಲೇ ಪಾಠ ಮಾಡುವಂತಾದರು. ಸಂಕ್ರಾಂತಿಯ ತನಕ ನಾವು ಚೆನ್ನಾಗಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಪ್ರಿನ್ಸಿಪಾಲರು ಸಂಘದವರನ್ನೆಲ್ಲ ಕರೆಸಿದರು. ಅವರು ಕೆಟ್ಟವರಲ್ಲ. ಖಾದಿ ಕೋಟು, ಗಟ್ಟಿ ಗಂಟಲು, ಕಾಲೇಜು ಅಂದರೆ ಜೀವ. ಸಂತೋಷದಿಂದಲೇ ಹೇಳಿದರು: ಜೂನ್‌ನಲ್ಲಿ ಪರಿಸರ ದಿನಾಚರಣೆ, ಮಂತ್ರಿಗಳು ಬರುತ್ತಾರೆ, ಸರ್ಕಾರದಿಂದ ನೀಲಗಿರಿ ಸಸಿ ಪುಕ್ಕಟೆ ಸಿಗುತ್ತದೆ, ಹಳೆ ತೋಪು ಗೆದ್ದಲು ಹಿಡಿದು, ಹಾವು ಚೇಳಿನ ಗೂಡಾಗಿದೆ, ಅದನ್ನು ಹರಾಜು ಹಾಕಿ, ಜಾಗ ಹಸನು ಮಾಡಿ, ಇಡೀ ಕ್ಯಾಂಪಸ್ಸನ್ನು ಹಸಿರು ಮಾಡೋಣ. "ಪರಿಸರ ಸಂಘದೋರೇ ಮುಂದೆ ನಿಂತು ಮಾಡ್ಬೇಕು" ಎಂದರು.

ರಂಗಸ್ವಾಮಿ ಮೇಷ್ಟ್ರು ಕಿಟಕಿಯಾಚೆ ತೋಪಿನ ಕಡೆ ನೋಡಿದರು. "ತೋಪು ಕಡಿದು ಗಿಡ ನೆಡೋದಾ ಸಾರ್?"

"ಒಂದು ಕಡಿದ್ರೆ ಹತ್ತು ನೆಡ್ತೀವಲ್ರೀ."

"ನೀಲಗಿರಿ ಸಾರ್ ಅದು. ನೆರಳಿಲ್ಲ, ಹಣ್ಣಿಲ್ಲ. ಬೆಳೆದ ಮೇಲೆ ಅದನ್ನೂ ಕಡಿದು ಮಾರೋದೇ."

"ಮಾರಿದ್ರೆ ಕಾಲೇಜಿಗೇ ತಾನೆ ಬರೋದು?" ಪ್ರಿನ್ಸಿಪಾಲರು ನಮ್ಮ ಕಡೆ ತಿರುಗಿದರು. "ನೋಡ್ರಮ್ಮ, ಈ ಹರಾಜಿನ ದುಡ್ಡಲ್ಲಿ ಮೊದಲು ನಿಮಗೊಂದು ಲೇಡೀಸ್ ರೂಮು. ಒಳಗೇ ಎಲ್ಲಾ ವ್ಯವಸ್ಥೆ ಇರೋ ಹಾಗೆ. ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂದ್ಕೊಂಡಿದೀರಾ?"

ಯಾವ ಗಂಡಸೂ ಆ ವಿಷಯ ಬಾಯಿ ಬಿಟ್ಟು ಹೇಳಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ನಾಗರತ್ನ ನನ್ನ ಪಕ್ಕದಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು.

ಹೊರಗೆ ಬಂದ ಮೇಲೆ, ಪ್ರತಿ ಕ್ಲಾಸಿಗೂ ಹೋಗಿ ಸಹಿ ಹಾಕಿಸೋಣ, ಹರಾಜಿನ ದಿನ ಮರಗಳ ಸುತ್ತ ನಿಲ್ಲೋಣ ಎಂದು ನಾವು ಮಾತಾಡಿಕೊಂಡೆವು. ನೇರಳೆಯ ಕೆಳಗೆ ಇಬ್ಬರೇ ಆದಾಗ ನಾಗರತ್ನ ಹೇಳಿದಳು: "ನಾನು ಸಹಿ ಹಾಕಲ್ಲ ಕಣೇ."

"ಯಾಕೆ? ಹೆಸರು ಬರೆದೋಳು ನೀನು!"

"ಬರೆದೆ. ಮರ ನನಗೂ ಇಷ್ಟ. ಆದ್ರೆ ರೂಮ್ ಬೇಕು."

"ರೂಮು ಕಟ್ಟಕ್ಕೆ ಮರಾನೇ ಕಡೀಬೇಕಾ? ಬೇರೆ ದುಡ್ಡೇ ಇಲ್ವಾ?"

"ಇಷ್ಟು ವರ್ಷ ಬೇರೆ ದುಡ್ಡಿತ್ತಲ್ಲ, ಯಾಕೆ ಕಟ್ಲಿಲ್ಲ?" ಅವಳ ಮುಖ ಕೆಂಪಾಯಿತು. "ನಿಮ್ಮನೆ ಇಲ್ಲೇ ಐತೆ ಶಮೀಮ್. ನೀನು ಮಧ್ಯಾಹ್ನ ಹೋಗಿ ಬತ್ತೀಯ. ನಾನು ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಹೊಟ್ಟೆ ಬಿಗಿ ಹಿಡ್ಕೊಂಡು ಕೂತಿರ್ತೀನಿ. ಎಷ್ಟು ಉರೀತದೆ ಗೊತ್ತಾ? ಜ್ವರ ಬತ್ತದೆ. ಮನೇಲಿ ಹೇಳಿದ್ರೆ ಕಾಲೇಜೇ ಬುಡು ಅಂತಾರೆ. ನಿನ್ ಬಾವಲಿಗೆ ಮನೆ ಬೇಕು, ನನಗೆ ಬ್ಯಾಡ್ವಾ?"

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ನಿಜ ಎಂದು ಗೊತ್ತಿದ್ದರಿಂದಲೇ ಅಷ್ಟು ಸಿಟ್ಟು ಬಂತೇನೋ. ಪ್ರಿನ್ಸಿಪಾಲರು ಬೆಲ್ಲ ತೋರಿಸಿದ ಕೂಡಲೇ ನೀನು ನೊಣದ ಹಾಗೆ ಹೋಗಿ ಕೂತೆ ಎಂದುಬಿಟ್ಟೆ. ಅವಳು ಬುತ್ತಿ ಕಟ್ಟಿಕೊಂಡು ಎದ್ದು ಹೋದಳು. ಮಾರನೆಯ ದಿನದಿಂದ ನನ್ನ ಪಕ್ಕ ಬಿಟ್ಟು ಮುಂದಿನ ಬೆಂಚಿನಲ್ಲಿ ಕೂರತೊಡಗಿದಳು.

ಸಹಿ ಹಾಕಿದವರು ಕಡಿಮೆ. ಪರೀಕ್ಷೆ ಹತ್ತಿರವಾಗುತ್ತಿತ್ತು, ಪ್ರಾಕ್ಟಿಕಲ್ ಅಂಕ ಮೇಷ್ಟ್ರುಗಳ ಕೈಯಲ್ಲಿತ್ತು. ಫೆಬ್ರವರಿಗೇ ಬಿಸಿಲು ಕಲ್ಲು ಕಾಯಿಸುವಂತಿತ್ತು. ಅಂಥದೊಂದು ಮಧ್ಯಾಹ್ನ ಲ್ಯಾಬಿನ ಕಿಟಕಿಯಿಂದ ನೋಡಿದರೆ ತೋಪಿನಲ್ಲಿ ನಾಲ್ಕೈದು ಮಂದಿ ವ್ಯಾಪಾರಿಗಳು ಓಡಾಡುತ್ತಿದ್ದರು. ಅವರಲ್ಲಿ ಒಬ್ಬರು ಹಿಪ್ಪೆಯ ಬುಡಕ್ಕೆ ಟೇಪು ಸುತ್ತಿ, ಅಂಗೈಯಿಂದ ಮರವನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿದರು. ಆ ತಟ್ಟುವ ರೀತಿಯನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿಯಬಲ್ಲೆ. ನನ್ನ ಅಬ್ಬಾ.

ಆ ಸಂಜೆ ಮನೆಯಲ್ಲಿ ಗಲಾಟೆಯಾಯಿತು. ಮನೆಯಲ್ಲಿ ನಾವಾಡುವುದು ಉರ್ದು. ಅಂದು ನಾನು ಯಾವ ಭಾಷೆಯಲ್ಲಿ ಕೂಗಾಡಿದೆನೋ ನೆನಪಿಲ್ಲ. ಅಬ್ಬಾ ಕೈಕಾಲು ತೊಳೆದುಕೊಂಡು ಬಂದು, ಅಮ್ಮಿ ಕೊಟ್ಟ ಚಹಾ ಹಿಡಿದುಕೊಂಡು ನಾನು ಸುಮ್ಮನಾಗುವ ತನಕ ಕಾದರು. ಆಮೇಲೆ ಹೇಳಿದರು: "ನಾಲ್ಕು ತಿಂಗಳಿಂದ ಮಿಲ್ಲಿಗೆ ಸರಿಯಾದ ಮಾಲು ಬಂದಿಲ್ಲ. ಕೆಲಸದವರನ್ನು ಅರ್ಧ ದಿನಕ್ಕೆ ಮನೆಗೆ ಕಳಿಸ್ತಾ ಇದೀನಿ. ಆ ಮರ ಮಾರೋದು ನಾನಲ್ಲ, ನಿಮ್ಮ ಕಾಲೇಜು. ನನ್ನ ಮೇಲೆ ಯಾಕೆ ಕೂಗ್ತೀಯ ಬೇಟಿ?"

ಎರಡು ದಿನ ಕಳೆದು ರಂಗಸ್ವಾಮಿ ಮೇಷ್ಟ್ರು ಮಿಲ್ಲಿಗೆ ಬಂದರು. ನಾನು ಕರೆದಿರಲಿಲ್ಲ. ಅಬ್ಬಾ ಗರಗಸ ನಿಲ್ಲಿಸಿ, ಬೆಂಚಿನ ಮೇಲಿನ ಹೊಟ್ಟು ಟವೆಲ್ಲಿನಿಂದ ಒರೆಸಿ ಕೂರಿಸಿದರು. ನಾನು ಒಳಗಿನ ಬಾಗಿಲ ಹತ್ತಿರ ನಿಂತಿದ್ದೆ.

"ಸಾಹೇಬ್ರೆ, ನೀವು ಹರಾಜಿಗೆ ಹೋಗ್ಬೇಡಿ" ಎಂದರು ಮೇಷ್ಟ್ರು. "ನಿಮ್ಮ ಮಗಳು ಆ ಮರಗಳಿಗಾಗಿ ಎಲ್ಲರ ಹತ್ರ ಮಾತು ಕೇಳಿಸ್ಕೊಂಡಿದಾಳೆ."

"ಗೊತ್ತು ಮೇಷ್ಟ್ರೆ. ಮನೇಲಿ ಊಟ ಮಾಡ್ತಿಲ್ಲ." ಅಬ್ಬಾ ಚಹಾದ ಲೋಟ ಅವರ ಕೈಗೆ ಕೊಟ್ಟರು. "ಒಂದು ಮಾತು ಹೇಳಿ. ನೀವು ಸುಳ್ಳು ಹೇಳೋರಲ್ಲ ಅಂತ ಮಗಳು ಹೇಳ್ತಾಳೆ. ನಾನು ಬಿಟ್ರೆ ಮರ ಉಳೀತದಾ? ಉಳೀತದೆ ಅನ್ನಿ, ಈಗ್ಲೇ ಬಿಟ್ಬಿಡ್ತೀನಿ."

ಮೇಷ್ಟ್ರು ಲೋಟವನ್ನೇ ನೋಡುತ್ತಾ ಕೂತರು. ಉಳಿಯುತ್ತದೆ ಅನ್ನಿ ಸಾರ್ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಇಲ್ಲ" ಎಂದರು. "ಇನ್ಯಾರಾದ್ರೂ ತಗೋತಾರೆ."

ಅಬ್ಬಾ ತಲೆಯಾಡಿಸಿದರು. ಇಬ್ಬರೂ ಚಹಾ ಕುಡಿದರು. ಹೋಗುವಾಗ ಮೇಷ್ಟ್ರು, "ಹಿಪ್ಪೆ ಮರದಲ್ಲಿ ಬಾವಲಿ ಮರಿ ಹಾಕಿವೆ. ಅದೊಂದನ್ನ ಕೊನೇಗೆ ಇಟ್ಕೊಳ್ಳಿ. ಮರಿ ಹಾರೋ ತನಕ" ಎಂದರು. ಅಬ್ಬಾ ಆಗಲಿ ಎಂದು ಎದೆಯ ಮೇಲೆ ಕೈಯಿಟ್ಟರು.

ಹರಾಜು ಅಬ್ಬಾಗೇ ಆಯಿತು. ನಾವು ಏಳೆಂಟು ಮಂದಿ ಮರಗಳ ಮುಂದೆ ನಿಂತಿದ್ದೆವು. ಯಾರೂ ನಮ್ಮನ್ನು ಎಳೆಯಲಿಲ್ಲ, ಬೈಯಲಿಲ್ಲ. ನಾವು ಅಲ್ಲಿಲ್ಲವೇನೋ ಎಂಬಂತೆ ಬೆಲೆ ಕೂಗಿ ಮುಗಿಸಿದರು. ನಾಗರತ್ನ ವರಾಂಡದ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಒಮ್ಮೆ ಕಣ್ಣು ಸೇರಿತು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಮಾರ್ಚ್ ತುಂಬ ಕಡಿದರು. ಮೊದಲು ಹೊಂಗೆ, ಆಮೇಲೆ ಹುಣಸೆ. ಹುಣಸೆಗೆ ಕೊಡಲಿ ಬಿದ್ದಾಗ ಕ್ಲಾಸಿನೊಳಗೆ ಹಲಗೆಯ ಮೇಲಿನ ಸೀಮೆಸುಣ್ಣ ನಡುಗುತ್ತಿತ್ತು. ನೇರಳೆ ಬಿದ್ದ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಹೋಗದಿದ್ದರೇನು, ಸಂಜೆ ಅದೇ ಮರ ಲಾರಿಯಲ್ಲಿ ನಮ್ಮ ಮನೆಗೇ ಬಂತು. ನಾಗರತ್ನ ಬರೆದ ತಗಡು ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಅಬ್ಬಾ ಅದನ್ನು ಬಿಚ್ಚಿ ನನ್ನ ಕೈಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಗರಗಸ ತಿರುಗಿತು. ಕೆಲಸದವರು ಮತ್ತೆ ಇಡೀ ದಿನ ಕೆಲಸ ಮಾಡಿದರು, ಅವರ ಮನೆಗಳಲ್ಲಿ ಒಲೆ ಉರಿಯಿತು. ಅದನ್ನೂ ಹೇಳಬೇಕು. ನಮ್ಮ ಮನೆಯ ಒಲೆಯಲ್ಲೂ ಆ ಬೇಸಿಗೆ ಉರಿದದ್ದು ನೇರಳೆಯ ಹೊಟ್ಟೇ.

ಹಿಪ್ಪೆಯನ್ನು ಅಬ್ಬಾ ಕೊನೆಗೆ ಇಟ್ಟುಕೊಂಡಿದ್ದರು. ಆದರೆ ನೀಲಗಿರಿಗೆ ಗುಂಡಿ ತೋಡಲು ಜನ ಬಂದುಬಿಟ್ಟಿದ್ದರು. ಜಾಗ ಬೇಗ ಖಾಲಿಯಾಗಬೇಕೆಂದು ಕಾಲೇಜಿನಿಂದ ಮೇಲಿಂದ ಮೇಲೆ ಹೇಳಿಕಳಿಸಿದರು. ಇನ್ನೂ ಸ್ವಲ್ಪ ದಿನ ಬಿಡಿ ಎಂದು ಅಬ್ಬಾ ತಾವೇ ಹೋಗಿ ಪ್ರಿನ್ಸಿಪಾಲರನ್ನು ಕೇಳಿದರಂತೆ. ಬಾವಲಿಗೋಸ್ಕರ ಮಂತ್ರಿಗಳನ್ನ ನಿಲ್ಲಿಸಕ್ಕಾಗ್ತದಾ ಎಂದು ಅವರು ನಕ್ಕರಂತೆ. ಮರ ಬಿದ್ದಾಗ ದೊಡ್ಡ ಬಾವಲಿಗಳು ಹಗಲು ಬೆಳಕಿನಲ್ಲೇ ಎದ್ದು, ದಿಕ್ಕು ತೋಚದೆ ಕಾಲೇಜಿನ ಮೇಲೆ ಸುತ್ತಿದವು. ಮರಿಗಳು ನೆಲದಲ್ಲಿದ್ದವು. ಒದ್ದೆ ಬಟ್ಟೆಯ ಚೂರಿನಂಥ ರೆಕ್ಕೆ. ರಂಗಸ್ವಾಮಿ ಮೇಷ್ಟ್ರು ಒಂದೊಂದನ್ನೇ ಟವೆಲ್ಲಿನಲ್ಲಿ ಎತ್ತಿ ಕಾಂಪೌಂಡಿನ ಆಚೆಯ ಬೇವಿನ ಕೊಂಬೆಗಳಿಗೆ ತಗುಲಿಸುತ್ತಿದ್ದರು. ಹೆಚ್ಚಿನವು ಹಿಡಿದುಕೊಳ್ಳಲಾರದೆ ಬಿದ್ದವು. ಹುಡುಗರು ನೋಡುತ್ತಾ ನಿಂತಿದ್ದರು, ಅಂದು ಯಾರೂ ಸೊಪ್ಪಿನ ಸಂಘ ಅನ್ನಲಿಲ್ಲ. ಆಮೇಲೆ ನೋಡುತ್ತೇನೆ, ಮೇಷ್ಟ್ರ ಪಕ್ಕದಲ್ಲಿ ನಾಗರತ್ನ ಸೆರಗು ಒಡ್ಡಿಕೊಂಡು ನಿಂತಿದ್ದಾಳೆ. ಸೆರಗಿನಲ್ಲಿ ಎರಡು ಮರಿ. ಅವಳು ಅಳುತ್ತಿದ್ದಳು. ನಾನು ಹತ್ತಿರ ಹೋದೆ. ನಾನೂ ದುಪ್ಪಟ್ಟ ಒಡ್ಡಿದೆ. ಒಂದನ್ನು ನನ್ನ ದುಪ್ಪಟ್ಟಕ್ಕೆ ಹಾಕಿದಳು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ತೋಪು ಹೋದ ಮೇಲೆ ನಮಗಿದ್ದ ಪೊದೆಯ ಮರೆಯೂ ಹೋಯಿತು. ಬಟಾಬಯಲು. ರೂಮಿಗೆ ಪಾಯ ಯಾವಾಗ ಎಂದು ಕೇಳಿದರೆ, ಮೊದಲು ಸಮಾರಂಭ ಮುಗಿಯಲಿ ಎಂದರು. ಏಪ್ರಿಲ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಶುರುವಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಲ್ಯಾಬಿನಲ್ಲೇ. ಎರಡನೆಯ ದಿನ ನಾಗರತ್ನ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದವಳು ಹಾಗೇ ಪಕ್ಕಕ್ಕೆ ಜಾರಿದಳು. ಮುಟ್ಟಿದರೆ ಮೈ ಸುಡುತ್ತಿತ್ತು. ಮೇಷ್ಟ್ರೇ ಆಟೋ ತಂದು ದೊಡ್ಡಾಸ್ಪತ್ರೆಗೆ ಸೇರಿಸಿದರು.

ಅವಳ ತಾಯಿ ಮಾರನೆಯ ದಿನ ಗುಬ್ಬಿಯಿಂದ ಬಂದರು. ಡಾಕ್ಟರು ನಮ್ಮೆಲ್ಲರ ಮುಂದೆಯೇ ಹೇಳಿದರು: ಮೂತ್ರಪಿಂಡಗಳಿಗೆ ಸೋಂಕು ಏರಿದೆ, ಬಹಳ ದಿನದಿಂದ ಇದ್ದದ್ದು, ಮೊದಲಿಂದಲೂ ಅವು ಸ್ವಲ್ಪ ದುರ್ಬಲವೇ ಇದ್ದವೇನೋ, ಆದರೆ ಇಷ್ಟು ದಿನ ನೀರು ಕುಡಿಯದೆ, ಕಟ್ಟಿಕೊಂಡು ಕೂತದ್ದು ಅವಳನ್ನು ಇಲ್ಲಿಗೆ ತಂದಿದೆ. "ಯಾಕಮ್ಮ ನೀರು ಕುಡೀತಿರಲಿಲ್ಲ?" ಎಂದು ಕೇಳಿದರು. ನಾಗರತ್ನ ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊರಗಿನ ಕಾರಿಡಾರಿನಲ್ಲಿ ರಂಗಸ್ವಾಮಿ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು. "ಶಮೀಮ್, ಇದು ನಿನಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ಸಾರ್. ಹುಡುಗೀರಿಗೆಲ್ಲ ಗೊತ್ತು."

"ಒಂದು ವರ್ಷ ಪರಿಸರ ಪರಿಸರ ಅಂತ ಮಾತಾಡಿದೀನಿ. ನನಗೆ ಯಾರೂ ಹೇಳ್ಲಿಲ್ಲ."

"ನಿಮ್ಮ ಹತ್ರ ಹೇಗೆ ಸಾರ್ ಹೇಳೋದು?"

ಪರೀಕ್ಷೆ ಮುಗಿಯುವಷ್ಟರಲ್ಲಿ ಮೇಷ್ಟ್ರ ಕೆಲಸವೂ ಮುಗಿಯಿತು. ಮುಂದಿನ ವರ್ಷಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ. ಕುಣಿಗಲ್ ಬಸ್ಸು ಹತ್ತುವ ಮುನ್ನ ಅವರು ಕೊನೆಯದಾಗಿ ಹೋದದ್ದು ಆಸ್ಪತ್ರೆಗೆ ಎಂದು ನಾಗರತ್ನಳೇ ಆಮೇಲೆ ಹೇಳಿದಳು. ಸ್ವಲ್ಪ ಹೊತ್ತು ಕೂತು, ಕೈ ಮುಗಿದು ಹೋದರಂತೆ. ಮೇಷ್ಟ್ರು ತನಗೆ ಕೈ ಮುಗಿದದ್ದು ಅವಳಿಗೆ ಬಹಳ ಸಂಕಟ ತಂದಿತ್ತು.

ಜೂನ್‌ನಲ್ಲಿ ಸಮಾರಂಭ ನಡೆಯಿತು. ಸಂಘದವಳೆಂದು ನನಗೂ ಹೇಳಿಕಳಿಸಿದ್ದರು. ಹೋಗಬಾರದು ಅಂದುಕೊಂಡಿದ್ದೆ, ಹೋದೆ. ಶಾಮಿಯಾನ, ಮೈಕು, ಹಾರ. ಮರಗಳಿದ್ದಾಗ ಬೇಕಿಲ್ಲದ ಶಾಮಿಯಾನ. ಮಂತ್ರಿಗಳು ಒಂದು ಸಸಿ ನೆಟ್ಟು, ಬಿಸಿಲು ತಾಳದೆ ಕರ್ಚೀಫಿನಿಂದ ತಲೆ ಒರೆಸಿಕೊಂಡು, ಹಸಿರೇ ಉಸಿರು ಎಂಬ ಅರ್ಥದ ಭಾಷಣ ಮಾಡಿ ಹೊರಟರು. ಅವರ ಕಾರು ಹಾದುಹೋದದ್ದು ಹೊಸ ಕಮಾನಿನ ಕೆಳಗೆ. ತೋಪಿನ ದುಡ್ಡಿನಲ್ಲಿ ಮೊದಲು ಎದ್ದದ್ದು ಆ ಕಮಾನು ಮತ್ತು ರಸ್ತೆಗೆ ಕಾಣುವ ಮುಂಭಾಗದ ಹೊಸ ಕಾಂಪೌಂಡು.

ಶ್ರಾವಣದಲ್ಲಿ ಗುಬ್ಬಿಗೆ ಹೋದೆ. ಮೊದಲ ಸಲ ನಾನು ಅವಳ ರೈಲಿನಲ್ಲಿ ಕೂತದ್ದು. ನಾಗರತ್ನ ಜಗಲಿಯ ಮೇಲೆ ಮಲಗಿದ್ದಳು. ಮುಖ ಊದಿಕೊಂಡಿತ್ತು, ಕಣ್ಣು ಸಣ್ಣಗಾಗಿದ್ದವು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದಿದ್ದರು. ದೊಡ್ಡ ಡಾಕ್ಟರು ಇನ್ನು ಹೆಚ್ಚೇನೂ ಮಾಡುವಂತಿಲ್ಲ ಎಂದಿದ್ದರು. ಈಗ ನೀರನ್ನೂ ಅಳೆದು ಕೊಡಬೇಕಂತೆ, ಹೆಚ್ಚು ಕುಡಿದರೆ ಮೈ ಊದುತ್ತದಂತೆ.

"ಬಾಯಿ ಒಣಗ್ತದೆ ಕಣೇ" ಎಂದಳು. "ಈಗ ಕುಡಿಯಣ ಅಂದ್ರೆ ಕೊಡಲ್ಲ." ನಗಲು ನೋಡಿದಳು. ಪಕ್ಕದ ಮನೆಗೆ ಕೇಳಿಸುವಂಥ ನಗು ಅದಾಗಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ರೂಮ್ ಕಟ್ಟಿದ್ರಾ?"

ಸುಳ್ಳು ಹೇಳಬೇಕೆಂದು ಬಾಯಿಗೆ ಬಂತು. "ಇನ್ನೂ ಇಲ್ಲ" ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. "ಹಂಗಾದ್ರೆ ನೀನೇ ಸರಿ ಬುಡು. ಮರನಾದ್ರೂ ಇರಬೇಕಿತ್ತು."

"ನಾನು ಸರಿಯಲ್ಲ ಕಣೇ."

"ಇಬ್ರೂ ಸರಿಯಿದ್ವಿ" ಎಂದಳು. ಅವಳ ತಾಯಿ ಒದ್ದೆ ಬಟ್ಟೆ ತಂದು ತುಟಿಗೆ ಒತ್ತಿದರು. ನನ್ನನ್ನು ಸ್ಟೇಷನ್ನಿನ ದಾರಿಯವರೆಗೆ ಬಿಡಲು ಬಂದವರು, "ನೀನು ಓದು ಮುಗಿಸ್ದಲ್ಲ ಮಗ, ಮುಂದೆ ಏನ್ ಮಾಡ್ತೀಯ?" ಎಂದರು. ಟೀಚರ್ ಆಗಬೇಕು ಅಂತಿದೀನಿ ಅಮ್ಮ ಎಂದೆ. ಅವರು ಸ್ವಲ್ಪ ದೂರ ನಡೆದು, "ಹಂಗಾದ್ರೆ ನಿನ್ ಹುಡುಗೀರಿಗೆ ನೀರು ಕುಡೀರಿ ಅಂತ ಹೇಳವ್ವ" ಎಂದರು.

ಕಾರ್ತೀಕದಲ್ಲಿ ನಾಗರತ್ನ ತೀರಿಕೊಂಡಳು. ಸುದ್ದಿ ನಮಗೆ ತಲುಪಿದಾಗ ಎಲ್ಲ ಮುಗಿದಿತ್ತು. ಅಬ್ಬಾ ಗರಗಸ ನಿಲ್ಲಿಸಿ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ಮತ್ತೆ ಅಲ್ಲೇ ಕೂತರು. ಆ ದಿನ ಮಿಲ್ಲು ನಡೆಯಲಿಲ್ಲ. ಮಾರನೆಯ ದಿನ ನಡೆಯಿತು, ನಡೆಯಲೇಬೇಕಿತ್ತು.

ಅದಾದ ಸ್ವಲ್ಪ ದಿನಕ್ಕೆ ಅಂಕಪಟ್ಟಿ ತರಲೆಂದು ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಹೊಸ ಗಿಡಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದರು. ನಾಗರತ್ನ ಹೋದಳು ಎಂದು ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ಪ್ರಯತ್ನಪಟ್ಟರು. "ಯಾವ ಹುಡುಗಿ? ಬೆಳ್ಳಾವಿ ಕಡೆಯವಳಾ?" ಗುಬ್ಬಿ ಸಾರ್ ಎಂದೆ. "ಅಯ್ಯೋ ಪಾಪ" ಎಂದರು; ನಿಜವಾಗಿಯೇ ಅಂದರು. ನಂತರ ಗಿಡಗಳ ಕಡೆ ಕೈ ತೋರಿಸಿ, "ನೋಡಿದ್ಯಾಮ್ಮ, ಈ ಬರದಲ್ಲೂ ಹೆಂಗೆ ಬಂದಿವೆ!" ಎಂದರು. ಬಂದಿದ್ದವು. ನನ್ನ ಸೊಂಟದೆತ್ತರಕ್ಕೆ, ಸಾಲು ಹಿಡಿದು, ಒಂದರ ಹಾಗೆ ಇನ್ನೊಂದು.

ವರಾಂಡದ ಬಿಸಿಲು ತಾಗದ ಮೂಲೆಯಲ್ಲಿ ಹೊಸ ವರ್ಷದ ಹುಡುಗಿಯರು ಬುತ್ತಿ ಬಿಚ್ಚಿ ಕೂತಿದ್ದರು. ಅವರನ್ನು ದಾಟಿ ಗೇಟಿನ ಹತ್ತಿರ ಬಂದಿದ್ದೆ. ಹಿಂದಿನಿಂದ ಒಬ್ಬಳು ಓಡಿಬಂದಳು. ಎರಡು ಜಡೆ, ಎಲ್ಲಿಯವಳೋ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅಕ್ಕಾ, ಇಲ್ಲಿ ಹತ್ರದಲ್ಲಿ ನಿಮಗೆ ಗೊತ್ತಿರೋರ ಮನೆ ಯಾವ್ದಾದ್ರೂ ಐತಾ?" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

"ನಮ್ಮನೆ ಇದೆ, ಬಾ" ಎಂದೆ.

"ಬ್ಯಾಡ ಅಕ್ಕ, ನಿಮ್ಮನೇಲಿ ಏನಂದ್ಕೋತಾರೋ."

"ಏನೂ ಅಂದ್ಕೊಳಲ್ಲ. ನಿನ್ ಜೊತೆಯೋರ್ನೂ ಕರ್ಕೊಂಡು ಬಾ."

ನಾಲ್ವರು ಬಂದರು. ಅಮ್ಮಿ ಬಾಗಿಲಲ್ಲಿ ನಿಂತು ನೋಡಿದಳು. ಬಚ್ಚಲಿನ ಹಂಡೆಗೆ ನೀರು ತುಂಬಿಸಿದಳು. ಅವರು ಹೊರಟಾಗ ಒಬ್ಬೊಬ್ಬರ ಕೈಗೂ ಒಂದೊಂದು ಲೋಟ ನೀರು ಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ನಿಂತಳು. ಮಾರನೆಯ ದಿನದಿಂದ ಹಿತ್ತಲ ಬಾಗಿಲಿನ ಚಿಲಕ ಹಾಕುವುದನ್ನು ಬಿಟ್ಟುಬಿಟ್ಟಳು. ಆ ಬಾಗಿಲಿಗೆ ಮಿಲ್ಲಿನ ಪಕ್ಕದ ಓಣಿಯಲ್ಲಿ ಮರದ ದಿಮ್ಮಿಗಳನ್ನು ಸುತ್ತಿಕೊಂಡು ಬರಬೇಕಿತ್ತು. ಅಬ್ಬಾ ಕೆಲಸದವರಿಗೆ ಹೇಳಿ ದಿಮ್ಮಿಗಳನ್ನೆಲ್ಲ ಒಂದು ಪಕ್ಕಕ್ಕೆ ಉರುಳಿಸಿ, ಹುಡುಗಿಯರು ನಡೆಯುವಷ್ಟು ದಾರಿ ಮಾಡಿಸಿದರು. ಕಾಲೇಜಿನವರು ರೂಮು ಕಟ್ಟುವ ತನಕ, ನಾನು ಮದುವೆಯಾಗಿ ಆ ಮನೆಯಿಂದ ಹೋದ ಮೇಲೂ, ಹುಡುಗಿಯರು ಆ ದಾರಿಯಲ್ಲಿ ಬರುತ್ತಲೇ ಇದ್ದರು.